ಇಪ್ಪತ್ತೊಂದನೆಯ ಪ್ರಶ್ನೆ

ನಾನು ರಾಯಚೂರಿನ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಕೊನೆಯ ವರ್ಷದ ಹುಡುಗ ಹುಡುಗಿಯರು ಪರೀಕ್ಷೆಗೆ ಕೂಡುವ ಮೊದಲು ಅವರಿಗೆ ಒಂದು ಫಾರಂ ಹಂಚುವುದು ಈಚೆಗೆ ನಮ್ಮ ಕೆಲಸಗಳಲ್ಲೊಂದು. 2017ರಲ್ಲಿ ನ್ಯಾಕ್ ತನ್ನ ಮೌಲ್ಯಮಾಪನದ ಪದ್ಧತಿಯನ್ನು ಬದಲಿಸಿದಾಗ ವಿದ್ಯಾರ್ಥಿಗಳ ತೃಪ್ತಿಯನ್ನೂ ಅಳೆಯಬೇಕೆಂದಿತು. ಅಲ್ಲಿಂದೀಚೆಗೆ ಕಾಲೇಜುಗಳು ತಾವೇ ಮೊದಲು ಅದೇ ಪ್ರಶ್ನೆಗಳನ್ನು ಕೇಳಿ ನೋಡಿಕೊಳ್ಳುತ್ತವೆ. ಒಟ್ಟು 21 ಪ್ರಶ್ನೆ. ಮೊದಲ 20ಕ್ಕೆ ನಾಲ್ಕರಿಂದ ಸೊನ್ನೆಯವರೆಗೆ ಅಂಕ ಹಾಕಬೇಕು. ಇಪ್ಪತ್ತೊಂದನೆಯದಕ್ಕೆ ಮಾತ್ರ ಸ್ವಂತ ಮಾತಿನಲ್ಲಿ ಸಲಹೆ ಬರೆಯಬೇಕು.

ಎರಡು ವರ್ಷದ ಹಿಂದೆ ಬಿ.ಎ. ತರಗತಿಯಲ್ಲಿ ಫಾರಂ ಹಂಚಿದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ಎಲ್ಲಾಕ್ಕೂ ನಾಲ್ಕs ಹಾಕ್ಲೇನ್ರಿ?" ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವವಳು. ನಾನು "ಹಾಕವ್ವ" ಅಂದೆ. ಕಾಲೇಜಿಗೆ ಒಳ್ಳೆಯ ಗ್ರೇಡ್ ಬರಲಿ ಎಂಬ ಆಸೆ ನನಗೂ ಇತ್ತು. ಸಂಜೆ ಫಾರಂ ಎಣಿಸುವಾಗ ಅವಳದ್ದು ಕೈಗೆ ಬಂತು. 20 ಪ್ರಶ್ನೆಗೂ ನಾಲ್ಕು. ಕೆಳಗೆ ದುಂಡನೆಯ ಅಕ್ಷರದಲ್ಲಿ ಒಂದೇ ಸಾಲು: ಸಂಜೆ ಐದು ಗಂಟೆಗೆ ನಮ್ಮೂರಿಗೆ ಇನ್ನೊಂದು ಬಸ್ ಬಿಟ್ಟರೆ ಲೈಬ್ರರಿಯಲ್ಲಿ ಕೂಡಲು ಆಗುತ್ತದೆ.

ಮೂರು ವರ್ಷ ಲೈಬ್ರರಿಯಲ್ಲಿ ಕೂಡಲಾಗದವಳು ಹೇಗೆ ಪೂರಾ ತೃಪ್ತಳಾದಳು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಭಾಗದಲ್ಲಿ ಡಿಗ್ರಿ ಮುಗಿಸಿದವರು ಯಾವಾಗ ಯಾವುದಕ್ಕೆ ತೃಪ್ತಿಪಟ್ಟರು, ಯಾವ ವಿಷಯ ಓದಿದವರಿಗೆ ಎಂಥ ಅನುಭವ ಸಿಕ್ಕಿತು ಎಂದು ಹಿಂದಕ್ಕೆ ಹೋಗಿ ನೋಡಬೇಕೆನಿಸಿತು.

ನನಗೆ ಗೊತ್ತಿರುವ ಅತ್ಯಂತ ಹಿರಿಯ ಪದವೀಧರರೆಂದರೆ ಮಾನ್ವಿಯ ಅಜ್ಜ. ನನ್ನ ತಾಯಿಯ ಸೋದರಮಾವ, ವಕೀಲರು. ಅವರು ಓದುವ ಕಾಲಕ್ಕೆ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದ ಒಂದು ಜಿಲ್ಲೆ. ಡಿಗ್ರಿ ಬೇಕೆಂದರೆ ರಾಯಚೂರಿನಲ್ಲಿ ರೈಲು ಹತ್ತಿ, ವಾಡಿಯಲ್ಲಿ ಬದಲಿಸಿ ಹೈದರಾಬಾದಿಗೆ ಹೋಗಬೇಕು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಲಿಸುವ ಭಾಷೆ ಉರ್ದು. ಭಾರತದ ಭಾಷೆಯೊಂದರಲ್ಲಿ ವೈದ್ಯ, ಇಂಜಿನಿಯರಿಂಗ್, ಕಾನೂನು ಎಲ್ಲವನ್ನೂ ಕಲಿಸಲು ಹೊರಟದ್ದು ಆ ಕಾಲಕ್ಕೆ ದೊಡ್ಡ ಸಾಹಸ. ಪುಸ್ತಕಗಳನ್ನು ಉರ್ದುವಿಗೆ ತರಲೆಂದೇ ಒಂದು ಅನುವಾದ ಇಲಾಖೆ ಇತ್ತು. ಆದರೆ ಮನೆಯಲ್ಲಿ ಕನ್ನಡ ಮಾತಾಡುವ ಮಾನ್ವಿಯ ಹುಡುಗನಿಗೆ ಅದು ಇನ್ನೊಬ್ಬರ ಭಾಷೆಯೇ. ಅಜ್ಜ ಸಾಯುವವರೆಗೂ ಮನೆಯ ಲೆಕ್ಕವನ್ನು ಉರ್ದುವಿನಲ್ಲಿ ಬರೆದರು, ಪತ್ರವನ್ನು ಕನ್ನಡದಲ್ಲಿ ಬರೆದರು.

"ಅಲ್ಲಿ ಓದಿದ್ದು ಖುಷಿ ಕೊಟ್ಟಿತೇನಜ್ಜಾ?" ಎಂದು ಒಮ್ಮೆ ಕೇಳಿದ್ದೆ. "ಖುಷಿ ಅಂದ್ರ ಏನಪಾ? ಕಚೇರಿ ಭಾಷಾ ಕಲ್ತೆ, ಕಚೇರಿಯೊಳಗ ನಿಂತೆ," ಎಂದಿದ್ದರು. ಕೋರ್ಟು, ತಹಶೀಲಿ, ಪೊಲೀಸು ಎಲ್ಲ ಉರ್ದುವಿನಲ್ಲಿದ್ದ ಕಾಲದಲ್ಲಿ ಡಿಗ್ರಿ ಎಂದರೆ ಅಧಿಕಾರದ ಬಾಗಿಲಿನ ಕೀಲಿಕೈ. ಓದಿನ ಅನುಭವ ಹೇಗಿತ್ತು ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಕೇಳದೆಯೇ ಹೇಳಿದವರು ಮಾತ್ರ ಇದ್ದರು. 1938ರಲ್ಲಿ ಉಸ್ಮಾನಿಯಾದ ಹಾಸ್ಟೆಲುಗಳಲ್ಲಿ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಹೊರಹಾಕಿದಾಗ ನೂರಾರು ಮಂದಿ ಓದು ಬಿಟ್ಟರು. ಅವರಲ್ಲಿ ಅನೇಕರನ್ನು ನಾಗಪುರ ವಿಶ್ವವಿದ್ಯಾಲಯ ಸೇರಿಸಿಕೊಂಡಿತು. ಅದಕ್ಕೂ ಮೊದಲೇ, 1920ರಲ್ಲಿ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ತೆರೆದಿದ್ದರು. ಸರ್ಕಾರ ಕೊಡುವ ಓದಿಗಿಂತ ಬೇರೆಯದು ನಮಗೆ ಬೇಕು ಎನ್ನುವವರು ಈ ಊರಿನಲ್ಲಿ ಆಗಲೇ ಇದ್ದರು.

1956ರಲ್ಲಿ ರಾಯಚೂರು ಕನ್ನಡದ ರಾಜ್ಯಕ್ಕೆ ಸೇರಿತು. ಕಾಲೇಜುಗಳ ಮುಖ ಹೈದರಾಬಾದಿನಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆ ತಿರುಗಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಆದಮೇಲೆ ಅತ್ತ ತಿರುಗಿತು. ನಾನು ಬಿ.ಎ. ಮುಗಿಸಿದ್ದು ಅದರ ಕೆಳಗೆ, 1991ರಲ್ಲಿ. ಎಂ.ಎ.ಗೆಂದು ಕಲಬುರಗಿಯ ಜ್ಞಾನಗಂಗಾ ಕ್ಯಾಂಪಸ್ಸಿಗೆ ಹೋದಾಗ ನನ್ನ ಬಳಿ ಒಂದು ಟ್ರಂಕು, ಒಂದು ರಗ್ಗು ಇದ್ದವು. ಅಲ್ಲಿಯ ಲೈಬ್ರರಿಯ ರ‍್ಯಾಕುಗಳ ನಡುವೆ ನಿಂತಾಗ ಮೊದಲ ಸಲ ನನ್ನ ಬಿ.ಎ. ಬಗ್ಗೆ ಸಿಟ್ಟು ಬಂತು. ಮೂರು ವರ್ಷ ನೋಟ್ಸು ಬಾಯಿಪಾಠ ಮಾಡಿ ಪಾಸಾಗಿದ್ದೆ, ಇತಿಹಾಸದ ಒಂದು ಆಕರ ಗ್ರಂಥವನ್ನೂ ಮುಟ್ಟಿರಲಿಲ್ಲ. ಬಿ.ಎ. ಮುಗಿದ ದಿನ ಯಾರಾದರೂ ಫಾರಂ ಕೊಟ್ಟಿದ್ದರೆ ನಾನೂ ನಾಲ್ಕು ಹಾಕುತ್ತಿದ್ದೆ. ಕಡಿಮೆ ಅಂಕ ಹಾಕಲು ಇನ್ನೊಂದನ್ನು ನೋಡಿರಬೇಕಲ್ಲ.

ಆಮೇಲಿನ ಮೂವತ್ತು ವರ್ಷದಲ್ಲಿ ಊರು ಬದಲಾಯಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಆದವು. 2007ರಲ್ಲಿ ರಿಮ್ಸ್ ಬಂತು. ಧಾರವಾಡದ ಕೆಳಗಿದ್ದ ಕೃಷಿ ಕ್ಯಾಂಪಸ್ 2008ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಇದರ ಪರಿಣಾಮ ವಿಚಿತ್ರ. ಒಂದೇ ರಾಯಚೂರಿನಲ್ಲಿ ಓದಿದರೂ ಡಾಕ್ಟರಿಕೆಯವರ ಪದವಿ ಬೆಂಗಳೂರಿನದು, ಇಂಜಿನಿಯರಿಂಗಿನವರದು ಬೆಳಗಾವಿಯದು, ಕಲೆ ವಾಣಿಜ್ಯದವರದು ಕಲಬುರಗಿಯದು, ಕೃಷಿಯವರದು ಮಾತ್ರ ರಾಯಚೂರಿನದು. 2021ರಲ್ಲಿ ಯರಗೇರಾದ ಸ್ನಾತಕೋತ್ತರ ಕೇಂದ್ರವೇ ರಾಯಚೂರು, ಯಾದಗಿರಿ ಜಿಲ್ಲೆಗಳಿಗೆ ವಿಶ್ವವಿದ್ಯಾಲಯವಾದಾಗ ನಮ್ಮ ಹುಡುಗರ ಡಿಗ್ರಿಯೂ ಮನೆಗೆ ಬಂತು. ಅದಕ್ಕೀಗ ಮಹರ್ಷಿ ವಾಲ್ಮೀಕಿಯ ಹೆಸರು. ಐಐಟಿ ಬೇಕೆಂದು ಊರಿಗೆ ಊರೇ ಕೂಗಿತು, ಅದು ಧಾರವಾಡಕ್ಕೆ ಹೋಯಿತು. 2019ರಲ್ಲಿ ರಾಯಚೂರಿಗೆಂದು ಕೊಟ್ಟ ಐಐಐಟಿಯ ಮೊದಲ ತರಗತಿಗಳು ನಡೆದದ್ದು ಹೈದರಾಬಾದ್ ಐಐಟಿಯ ಕ್ಯಾಂಪಸ್ಸಿನಲ್ಲಿ. ಮಾನ್ವಿಯ ಅಜ್ಜ ಇದ್ದಿದ್ದರೆ ನಗುತ್ತಿದ್ದರು.

ಈ ಬೇರೆ ಬೇರೆ ಓದುಗಳ ಅನುಭವ ಹೇಗಿರುತ್ತದೆಂದು ನನಗೆ ಹತ್ತಿರದಿಂದ ಗೊತ್ತಾಗುವುದು ಮಾನ್ವಿಯ ನಮ್ಮ ಬಂಧುಗಳ ಒಂದು ಮನೆಯಲ್ಲಿ. ಆ ಮನೆಯ ಮೂವರು ಒಂದೆರಡು ವರ್ಷದ ಅಂತರದಲ್ಲಿ ಡಿಗ್ರಿ ಮುಗಿಸಿದರು. ಹಿರಿಯ ಹುಡುಗ ಕೃಷಿ ಬಿ.ಎಸ್ಸಿ. ರೈತರ ಮಕ್ಕಳ ಕೋಟಾದಲ್ಲಿ ಸೀಟು. ನಾಲ್ಕು ವರ್ಷ ಹಾಸ್ಟೆಲಿನಲ್ಲಿದ್ದ. ಕೊನೆಯ ವರ್ಷ ಗ್ರಾಮೀಣ ಕಾರ್ಯಾನುಭವಕ್ಕೆಂದು ಹಳ್ಳಿಯೊಂದರಲ್ಲಿ ಉಳಿದು ರೈತರ ಜೊತೆ ಹೊಲ ಅಡ್ಡಾಡಿದ. ಮೇಷ್ಟ್ರ ಹೆಸರು, ಗೆಳೆಯರ ಹೆಸರು, ಹತ್ತಿಯ ಹುಳದ ಹೆಸರು ಎಲ್ಲ ಹೇಳುತ್ತಾನೆ. ಆದರೂ ಅವನ ದೂರುಗಳ ಪಟ್ಟಿ ಉದ್ದ: ಮೆಸ್ಸಿನ ಊಟ, ಪ್ರಯೋಗಾಲಯದ ಗುಂಪು ದೊಡ್ಡದು, ಕೆಲಸದ ನೇಮಕಾತಿ ಕರೆಯುವುದಿಲ್ಲ. ಎರಡನೆಯವನು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿದ್ದಾನೆ. "ಕಾಲೇಜಿನ್ಯಾಗ ಕಲ್ತಿದ್ದು ಕಮ್ಮಿ ಕಾಕಾ, ಕೋರ್ಸ್ ಮಾಡಿ ಕಲ್ತಿದ್ದs ಹೆಚ್ಚು," ಅನ್ನುತ್ತಾನೆ. ಅವನು ತನ್ನ ಕಾಲೇಜನ್ನು ಬೆಂಗಳೂರಿನ ಕಾಲೇಜುಗಳ ಪಕ್ಕ ಇಟ್ಟು ತೂಗುತ್ತಾನೆ. ಅವರ ತಂಗಿ ಮಾನ್ವಿಯಲ್ಲೇ ಬಿ.ಎ. ಮಾಡಿದಳು. ಬೆಳಗಿನ ಅಡುಗೆ ಮುಗಿಸಿ ಕಾಲೇಜಿಗೆ ಹೋಗಿ ಮಧ್ಯಾಹ್ನ ವಾಪಸ್ಸು. ಅತಿಥಿ ಉಪನ್ಯಾಸಕರು ಮುಷ್ಕರಕ್ಕೆ ಹೋದ ತಿಂಗಳು ಪಾಠವೇ ಇರಲಿಲ್ಲ. ಹೇಗಿತ್ತವ್ವ ಕಾಲೇಜು ಎಂದರೆ, "ಚೊಲೋ ಇತ್ರಿ ಕಾಕಾ" ಅನ್ನುತ್ತಾಳೆ.

ಮೂವರ ಅಂಕ ಕೂಡಿಸಿದರೆ ಬಿ.ಎ. ಮೊದಲ ಸ್ಥಾನ, ಇಂಜಿನಿಯರಿಂಗ್ ಕೊನೆ. ಮೂವರಿಗೆ ಸಿಕ್ಕಿದ್ದನ್ನು ಎಣಿಸಿದರೆ ಲೆಕ್ಕ ತಲೆಕೆಳಗು.

ಇಂಥ ಲೆಕ್ಕ ಹೊರಗಿನ ದೇಶಗಳಲ್ಲೂ ಇದೆ. ಬ್ರಿಟನ್ನಿನಲ್ಲಿ 2005ರಿಂದ ಕೊನೆಯ ವರ್ಷದ ವಿದ್ಯಾರ್ಥಿಗಳ ರಾಷ್ಟ್ರೀಯ ಸಮೀಕ್ಷೆ ನಡೆಯುತ್ತಿದೆ. ಅಲ್ಲೂ ಒಂದೇ ವಿಶ್ವವಿದ್ಯಾಲಯದೊಳಗೆ ವಿಷಯದಿಂದ ವಿಷಯಕ್ಕೆ ಉತ್ತರ ಬದಲಾಗುತ್ತದೆ. ಆದ್ದರಿಂದ ಇತಿಹಾಸದವರನ್ನು ಇತಿಹಾಸದವರೊಂದಿಗೆ, ಇಂಜಿನಿಯರುಗಳನ್ನು ಇಂಜಿನಿಯರುಗಳೊಂದಿಗೆ ಹೋಲಿಸಬೇಕು ಎನ್ನುತ್ತಾರೆ ತಿಳಿದವರು. ನಮ್ಮಲ್ಲಿ ಅಷ್ಟೂ ಸಾಲದು. ಯಾವ ವಿಷಯ ಎಂಬುದರ ಜೊತೆಗೆ ಯಾವ ಊರಿನಿಂದ ಬಂದವರು, ಮನೆಯಲ್ಲಿ ಎಷ್ಟನೆಯ ಪದವಿ ಎಂಬುದನ್ನೂ ಕೇಳಬೇಕಾಗುತ್ತದೆ.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಪಟ್ಟಿ ಮಾಡಿತು. ದೇವದುರ್ಗ, ಮಾನ್ವಿ ಎರಡೂ ಅದರಲ್ಲಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದಾಗ ರಾಯಚೂರು ಜಿಲ್ಲೆಯದು ಶೇ. 60 ಮುಟ್ಟಿರಲಿಲ್ಲ. 2013ರಲ್ಲಿ 371(ಜೆ) ಜಾರಿಯಾಗಿ ಈ ಭಾಗದ ವೈದ್ಯಕೀಯ, ಇಂಜಿನಿಯರಿಂಗ್ ಸೀಟುಗಳಲ್ಲಿ ಶೇ. 70ರಷ್ಟು ಇಲ್ಲಿನವರಿಗೇ ಮೀಸಲಾದವು. ಅದು ಎಷ್ಟೋ ಮನೆಗಳ ದಿಕ್ಕು ಬದಲಿಸಿದೆ. ಆದರೆ ಸೀಟಿಗಾಗಿ ಪೈಪೋಟಿಯೇ ಇಲ್ಲದ ಬಿ.ಎ.ಗೆ ಸೀಟಿನ ಮೀಸಲಾತಿಯಿಂದ ಆಗುವುದೇನು? ಅವಳಿಗೆ ಬೇಕಾದದ್ದು ಹಾಸ್ಟೆಲು, ಕಾಯಂ ಮೇಷ್ಟ್ರು, ಸಂಜೆಯ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಟಿಕೆಟ್ಟಿನ ದುಡ್ಡು ಉಳಿಯಿತು. ನನ್ನ ತರಗತಿಯ ಹುಡುಗಿಯರು ರಜೆ ಹಾಕುವುದು ಕಡಿಮೆಯಾದದ್ದನ್ನು ನಾನೇ ಕಂಡಿದ್ದೇನೆ. ಬಸ್ಸಿನ ವೇಳೆ ಮಾತ್ರ ಮೊದಲಿನದೇ.

ಹೀಗೆ ನೋಡಿದರೆ ನೂರು ವರ್ಷದಲ್ಲಿ ಈ ನೆಲಕ್ಕೆ ಬಂದ ದೊಡ್ಡ ಕಟ್ಟಡ, ಹಾಸ್ಟೆಲು, ಪ್ರಯೋಗಾಲಯಗಳು ಹೆಚ್ಚಾಗಿ ವೃತ್ತಿಶಿಕ್ಷಣದ ಪಾಲಿಗೆ ಹೋದವು. ಮೊದಲ ಸಲ ಕಾಲೇಜಿಗೆ ಬಂದ ಮನೆಗಳ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹೆಚ್ಚಾಗಿ ಸೇರಿದ್ದು ಕಲೆ ವಾಣಿಜ್ಯದ ತರಗತಿಗಳಿಗೆ. ಹೆಚ್ಚು ಸಿಕ್ಕವರು ಇನ್ನೂ ಬೇಕೆಂದು ಕೇಳಲು ಕಲಿತರು. ಕಡಿಮೆ ಸಿಕ್ಕವರು ಸಿಕ್ಕಿದ್ದಕ್ಕೆ ಕೈಮುಗಿದರು. ಆ ಕೈಮುಗಿದದ್ದನ್ನು ನಾವು ತೃಪ್ತಿ ಎಂದು ಎಣಿಸಿ ಮೇಲಕ್ಕೆ ಕಳಿಸುತ್ತೇವೆ, ಎಲ್ಲ ಚೆನ್ನಾಗಿದೆ ಎಂದು ಮೇಲಿನವರು ಓದಿಕೊಳ್ಳುತ್ತಾರೆ.

ಕಳೆದ ವರ್ಷ ಅಂಕಪಟ್ಟಿ ಒಯ್ಯಲು ಆ ದೇವದುರ್ಗದ ಹುಡುಗಿ ಬಂದಿದ್ದಳು. ಫಾರಂ ಮಾತು ತೆಗೆದೆ. ಲೈಬ್ರರಿಯಲ್ಲಿ ಕೂಡಲು ಆಗಲಿಲ್ಲ ಅಂತ ನೀನೇ ಬರೆದಿದ್ದಿ, ಮತ್ತೆ ಎಲ್ಲದಕ್ಕೂ ನಾಲ್ಕು ಯಾಕೆ ಹಾಕಿದಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನಮ್ಮ ಮನಿಯಾಗ ಡಿಗ್ರಿ ಮುಗಿಸಿದಾಕಿ ನಾನs ಮೊದಲ್ರಿ ಸರ್. ಕಮ್ಮಿ ಹೆಂಗ ಹಾಕ್ಲಿ?" ಆಮೇಲೆ ನಗುತ್ತಾ ಸೇರಿಸಿದಳು: "ನೀವೂ ಹಾಕು ಅಂದ್ರೆಲ್ರಿ."

ಈ ವರ್ಷ ಫಾರಂ ಹಂಚಿದಾಗ ನಾನು ಏನು ಹಾಕಬೇಕೆಂದು ಹೇಳಲಿಲ್ಲ. ಇಪ್ಪತ್ತೊಂದನೆಯ ಪ್ರಶ್ನೆಯನ್ನು ಮೊದಲು ಬರೆಯಿರಿ, ಅಂಕ ಆಮೇಲೆ ಹಾಕಿರಿ ಎಂದೆ. ಬರೆಯಲು ಪೂರಾ ಒಂದು ತಾಸು ಕೊಟ್ಟೆ. ನಮ್ಮ ಸರಾಸರಿ ಇಳಿದಿದೆ, ಸ್ಟಾಫ್ ಮೀಟಿಂಗಿನಲ್ಲಿ ನನ್ನನ್ನು ಕೇಳುವವರಿದ್ದಾರೆ. ಹಾಳೆಗಳು ನನ್ನ ಮೇಜಿನ ಮೇಲಿವೆ. ಬಸ್ಸಿನ ವೇಳೆ ಬರೆದವರು ಹನ್ನೊಂದು ಮಂದಿ. ಆ ಹನ್ನೊಂದು ಹಾಳೆಯ ನಕಲು ತೆಗೆಸಿ, ಒಂದು ಅರ್ಜಿ ಬರೆದು, ಸೋಮವಾರ ಬಸ್ ಡಿಪೋಕ್ಕೆ ಹೋಗುವವನಿದ್ದೇನೆ.