ರಾಗ ನುಡಿಸಿದ ಯಂತ್ರ

ಈಗ ನಮ್ಮ ಕೋಡಿಹಳ್ಳಿಯಂಥ ಊರಿನ ಭಜನೆಯಲ್ಲಿಯೂ ತಂಬೂರಿಯ ಬದಲು ಪುಟ್ಟದೊಂದು ವಿದ್ಯುತ್ ಪೆಟ್ಟಿಗೆ ಶ್ರುತಿ ಹಿಡಿಯುತ್ತದೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯ ಹೊತ್ತಿಗೆ ಇಂಥ ಪೆಟ್ಟಿಗೆಯನ್ನು ರೂಪಿಸಿದರು. ಯಂತ್ರವು ಶ್ರುತಿ ಹಿಡಿಯುವುದಕ್ಕೆ ನಾವು ಬಹು ಬೇಗ ಒಗ್ಗಿಕೊಂಡೆವು. ಆದರೆ ರಾಗವನ್ನೇ ಅದು ನುಡಿಸಹೊರಟರೆ? ಹಾಗೆ ಹೊರಟ ಒಂದು ಧ್ವನಿಮುದ್ರಿಕೆಯ ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ.

ಮುಂಬಯಿಯ ಚರಣ್‌ಜಿತ್ ಸಿಂಗ್ ಹಿಂದಿ ಚಿತ್ರಗೀತೆಗಳ ವಾದ್ಯವೃಂದದಲ್ಲಿ ನುಡಿಸುತ್ತಿದ್ದವರು. ಪರರ ರಾಗಸಂಯೋಜನೆಗೆ ಕೈ ಸವೆಸಿದ ಈತ 1982ರಲ್ಲಿ, ಸಿನಿಮಾದ ಹಂಗಿಲ್ಲದೆ, ತಾನೊಬ್ಬನೇ ಕುಳಿತು ಹತ್ತು ರಾಗಗಳನ್ನು ಜಪಾನಿನ ರೋಲೆಂಡ್ ಕಂಪೆನಿಯ ಮೂರು ಯಂತ್ರಗಳ ಮೇಲೆ ನುಡಿಸಿದ. ಎರಡೇ ದಿನದಲ್ಲಿ ಮುದ್ರಣ ಮುಗಿಯಿತಂತೆ. ತಾಳಕ್ಕೆ ಟಿಆರ್-808, ಮಂದ್ರಕ್ಕೆ ಟಿಬಿ-303, ರಾಗದ ಎಳೆಗೆ ಜುಪಿಟರ್-8. ‘ಸಿಂಥೆಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ಹೆಸರಿನಿಂದ ಎಚ್ಎಂವಿಯವರು ಅದನ್ನು ಹೊರತಂದರು. ಕೊಳ್ಳುವವರು ಸಿಕ್ಕಲಿಲ್ಲ. ಪಂಡಿತರಿಗೆ ಡಿಸ್ಕೊ ಬೇಡ, ಡಿಸ್ಕೊ ಕುಣಿಯುವವರಿಗೆ ಲಲಿತ್ ರಾಗ ಬೇಡ. ನಡುವೆ ತಟ್ಟೆ ಧೂಳು ತಿಂದಿತು.

ಇಲ್ಲಿ ಹಳೆಯದೊಂದು ವಿವಾದವನ್ನು ನೆನೆಯಬೇಕು. 1940ರಲ್ಲಿ ನಮ್ಮ ಬಾನುಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು. ದಶಕಗಳ ಕಾಲ ತೆರೆಯಲಿಲ್ಲ. ಅದರ ಮೇಲಿನ ಮುಖ್ಯ ಆಕ್ಷೇಪಣೆಯೆಂದರೆ, ಕೀಲಿಮಣೆಯ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ನೆಗೆಯಬಹುದೇ ಹೊರತು ಜಾರುವಂತಿಲ್ಲ, ಗಮಕವಿಲ್ಲದೆ ರಾಗವೆಲ್ಲಿ? ಸೋಜಿಗವೆಂದರೆ, ಗಿಟಾರ್ ವಾದಕರಿಗೆ ಜೊತೆ ಕೊಡಲೆಂದು ಮಾಡಿದ ಟಿಬಿ-303ರಲ್ಲಿ ಒಂದು ಸ್ವರವನ್ನು ಮತ್ತೊಂದಕ್ಕೆ ಜಾರಿಸುವ ಏರ್ಪಾಡಿತ್ತು. ಜಪಾನಿನ ಎಂಜಿನಿಯರುಗಳ ಮನಸ್ಸಿನಲ್ಲಿ ನಮ್ಮ ಜಾರು, ಮೀಂಡ್‌ಗಳು ಇದ್ದಿರಲಾರವು. ಅದನ್ನು ಕಂಡುಕೊಂಡ ಕಿವಿ ಚರಣ್‌ಜಿತ್ ಸಿಂಗ್‌ನದು.

ಎಲ್ಲವೂ ಫಲಿಸಿತೆನ್ನಲಾರೆ. ಐದೇ ಸ್ವರಗಳ ಭೂಪಾಲಿ, ಮಾಲಕಂಸಗಳು — ನಮ್ಮ ಮೋಹನ, ಹಿಂದೋಳಗಳು — ಯಂತ್ರಕ್ಕೆ ಚೆನ್ನಾಗಿ ಒಗ್ಗಿವೆ. ಲಲಿತ್ ಮಾತ್ರ ಮುಂಜಾವಿನ ಗಾಂಭೀರ್ಯವನ್ನು ಬಿಟ್ಟುಕೊಟ್ಟು, ಆತುರದಲ್ಲಿ ಬಸ್ಸು ಹಿಡಿಯಲು ಓಡಿದಂತೆ ನನ್ನ ಕಿವಿಗೆ ಕೇಳುತ್ತದೆ.

ಟಿಬಿ-303ರ ತಯಾರಿಕೆ 1984ರಲ್ಲಿ ನಿಂತಿತು. ಅಗ್ಗದ ಬೆಲೆಗೆ ಅದನ್ನು ಕೊಂಡ ಷಿಕಾಗೊ ನಗರದ ತರುಣರು ಹೊಸದೊಂದು ನೃತ್ಯಸಂಗೀತ ಕಟ್ಟಿದರು. ‘ಆಸಿಡ್ ಹೌಸ್’ ಎಂಬುದು ಅದರ ಹೆಸರು. ಅವರ ಪ್ರಸಿದ್ಧ ಮುದ್ರಿಕೆ ಬಂದದ್ದು 1987ರಲ್ಲಿ. 2010ರಲ್ಲಿ ಹಾಲೆಂಡಿನ ಸಂಸ್ಥೆಯೊಂದು ಚರಣ್‌ಜಿತ್ ಸಿಂಗ್‌ನ ತಟ್ಟೆಯನ್ನು ಮರುಮುದ್ರಿಸಿದಾಗ, ಆಸಿಡ್ ಹೌಸಿನ ಆದ್ಯ ಈತನೇ ಎಂದು ಪಶ್ಚಿಮದ ಪತ್ರಿಕೆಗಳು ಕೊಂಡಾಡಿದವು. ನಮ್ಮವರೂ ಹಿಗ್ಗಿದರು. ನನಗೆ ಆ ಬಿರುದು ರುಚಿಸದು. ಈ ತಟ್ಟೆಯನ್ನು ಕೇಳಿ ಷಿಕಾಗೊದವರು ಕಲಿತರೆಂಬುದಕ್ಕೆ ಆಧಾರವಿಲ್ಲ. ಸಿಂಗ್ ಹೊರಟದ್ದೂ ಆ ದಾರಿಗಲ್ಲ. ಪಂಪನು ಮಾರ್ಗ ದೇಶಿಗಳನ್ನು ಬೆಸೆದ ಬಗೆಯನ್ನು ತರಗತಿಯಲ್ಲಿ ಪಾಠ ಹೇಳುವ ನನಗೆ ಈ ತಟ್ಟೆ ಆ ಸಾಲಿನಲ್ಲಿಯೇ ಕೇಳುತ್ತದೆ. ಬಾಲುಸ್ವಾಮಿ ದೀಕ್ಷಿತರು ಪರದೇಶದ ಪಿಟೀಲನ್ನು ನಮ್ಮ ಗಾನಕ್ಕೆ ಒಗ್ಗಿಸಿದಾಗ, ಅವರನ್ನು ಯೂರೋಪಿನ ಯಾವ ಪಂಥಕ್ಕೂ ಯಾರೂ ಸೇರಿಸಲಿಲ್ಲವಲ್ಲ!

ಮರುಮುದ್ರಣದ ನಂತರ, ಎಪ್ಪತ್ತು ದಾಟಿದ ಸಿಂಗ್ ಅದೇ ರಾಗಗಳನ್ನು ಯೂರೋಪಿನ ವೇದಿಕೆಗಳಲ್ಲಿ ತರುಣರ ಮುಂದೆ ನುಡಿಸಿದರು. 2015ರ ಜುಲೈನಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.