ಹುಟ್ಟೂರಲ್ಲ, ನೋಂದಾಯಿತ ಬಂದರು

ಊರು ಯಾವುದೆಂದು ಹೇಳಲು ಇಂಗ್ಲಿಷರು ಬಳಸುವ 'ಹೇಲ್ ಫ್ರಮ್' ಎಂಬ ಮಾತಿನ ಮೂಲ ಕಡಲಿನ ಒಂದು ರೂಢಿ. ನಡುಗಡಲಲ್ಲಿ ಎರಡು ಹಡಗು ಎದುರಾದರೆ ಒಂದರ ಕಪ್ತಾನ ಇನ್ನೊಂದರ ಹೆಸರು, ಬಂದರು ಕೂಗಿ ಕೇಳುತ್ತಿದ್ದ. ಆ ಕೂಗೇ 'ಹೇಲ್'. 1670ರ ದಶಕದಲ್ಲಿ ಸ್ಯಾಮ್ಯುಯೆಲ್ ಮೋರ್ಲಂಡ್ ಪ್ರಚಾರಕ್ಕೆ ತಂದ ಕೂಗುಗೊಳವೆ ಈ ಸಂಭಾಷಣೆಯನ್ನು ಇನ್ನಷ್ಟು ದೂರಕ್ಕೆ ಮುಟ್ಟಿಸಿತು. ಬಾಯಿಮಾತಿಗೆ ಬರವಣಿಗೆಯ ಆಧಾರವೂ ಸೇರಿತು: ವ್ಯಾಪಾರಿ ಹಡಗಿನ ಹಿಂಬದಿಯಲ್ಲಿ ಅದರ ಹೆಸರನ್ನೂ ಬಂದರನ್ನೂ ಕಪ್ಪು ಬಣ್ಣದ ಮೇಲೆ ಬಿಳಿ ಇಲ್ಲವೇ ಹಳದಿಯಲ್ಲಿ, 4 ಅಂಗುಲಕ್ಕೆ ಕಡಿಮೆಯಿಲ್ಲದ ಅಕ್ಷರಗಳಲ್ಲಿ ಬರೆಸಬೇಕೆಂದು 1786ರ ಬ್ರಿಟಿಷ್ ಕಾಯ್ದೆ ವಿಧಿಸಿತು.

ಹಾಗೆ ಬರೆಸಿದ್ದು ಹಡಗು ಕಟ್ಟಿದ ಊರನ್ನಲ್ಲ, ಅದು ಯಾವ ಬಂದರಿಗೆ ಸೇರಿದ್ದೆಂಬುದನ್ನು. ಹಾಗಾಗಿ ಈ ನುಡಿಯ ಮೊದಲ ಅರ್ಥದಲ್ಲಿ ಮೂಲವೆಂದರೆ ಹುಟ್ಟಲ್ಲ, ಕೇಳಿದವರಿಗೆ ಕೊಡಬೇಕಾದ ಲೆಕ್ಕ. 'ಹೇಲ್' ಅದಕ್ಕೂ ಹಿಂದೆ ಆರೋಗ್ಯ ಹಾರೈಸುವ ನಮಸ್ಕಾರವಾಗಿತ್ತಲ್ಲ ಎನ್ನಬಹುದು. ನಿಜ, ಆದರೆ ಬರಿಯ ನಮಸ್ಕಾರದಿಂದ 'ಫ್ರಮ್' ಹುಟ್ಟದು, ಅದಕ್ಕೆ ಎಲ್ಲಿಂದ ಎಂಬ ಪ್ರಶ್ನೆ ಬೇಕು. ಇಂದು ಜನರು ಹುಟ್ಟೂರಿಗೂ ಇದನ್ನೇ ಬಳಸುತ್ತಾರೆಂಬ ಆಕ್ಷೇಪವೂ ಸರಿಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಮಾತು ಹಡಗಿನಿಂದ ಮನುಷ್ಯರಿಗೆ ದಾಟಿದಾಗ ಅರ್ಥ ಹಿಗ್ಗಿತು. ಆದರೂ ಒಂದೆಡೆ ಹುಟ್ಟಿ ಇನ್ನೊಂದೆಡೆ ಬೆಳೆದವರು ಈ ಮಾತಿನಲ್ಲಿ ಹೇಳುವುದು ಹೆಚ್ಚಾಗಿ ತಾವು ಸೇರಿದ ಊರನ್ನೇ.