ಕೋಚ್ ಹೇಳಿದ್ದೊಂದು, ಕ್ಯಾಪ್ಟನ್ ಮಾಡಿದ್ದೊಂದು

2015ರ ಸೆಪ್ಟೆಂಬರ್ 19. ಇಂಗ್ಲೆಂಡಿನ ಬ್ರೈಟನ್, ರಗ್ಬಿ ವಿಶ್ವಕಪ್. 80 ನಿಮಿಷ ಮುಗಿದಿದೆ. ದಕ್ಷಿಣ ಆಫ್ರಿಕಾ 32, ಜಪಾನ್ 29. ಜಪಾನ್‌ಗೆ ಪೆನಾಲ್ಟಿ ಸಿಕ್ಕಿದೆ. ಗೋಲಿಗೆ ಒದ್ದರೆ 3 ಪಾಯಿಂಟ್, ಮ್ಯಾಚ್ ಡ್ರಾ. ಎರಡು ಸಲ ವಿಶ್ವಕಪ್ ಗೆದ್ದವರ ಎದುರು ಡ್ರಾ ಅಂದ್ರೆ ಸುಮ್ನೇನಾ?

ಸ್ಟ್ಯಾಂಡಲ್ಲಿ ಕೂತಿದ್ದ ಕೋಚ್ ಎಡ್ಡಿ ಜೋನ್ಸ್‌ಗೂ ಅದೇ ಬೇಕಿತ್ತು. ಒದೀರಿ ಅಂದ್ರು.

ಒಂದ್ನಿಮಿಷ ಇರಿ. ಮೊದಲು ಈ ಕೋಚ್ ಯಾರು ಅಂತ ನೋಡೋಣ. 👇

ಜೋನ್ಸ್ ಹುಟ್ಟಿದ್ದು 1960ರಲ್ಲಿ, ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ. ಅಮ್ಮ ಅಮೆರಿಕದಲ್ಲಿ ಹುಟ್ಟಿದ ಜಪಾನಿ ಮೂಲದವರು. ಎರಡನೇ ಮಹಾಯುದ್ಧದಲ್ಲಿ, ಜಪಾನಿ ಮೂಲ ಅನ್ನೋ ಒಂದೇ ಕಾರಣಕ್ಕೆ ಅಮೆರಿಕ ಸರ್ಕಾರ ಅವರ ಕುಟುಂಬವನ್ನ ಶಿಬಿರದಲ್ಲಿ ಕೂಡಿಹಾಕಿತ್ತು.

ಸಿಡ್ನಿಯ ರಾಂಡ್ವಿಕ್ ಕ್ಲಬ್‌ನಲ್ಲಿ ಜೋನ್ಸ್ ಹೂಕರ್. ಅಂದ್ರೆ ಸ್ಕ್ರಮ್‌ನ ಮುಂದಿನ ಸಾಲಲ್ಲಿ, ನಟ್ಟನಡುವೆ ನಿಲ್ಲೋನು. ಆ ಜಾಗಕ್ಕೆ ಇವರ ಮೈಕಟ್ಟು ಸಣ್ಣದು. ನ್ಯೂ ಸೌತ್ ವೇಲ್ಸ್ ಪರ ಆಡಿದ್ರು. ಆದ್ರೆ 1989ರಲ್ಲಿ ಆಸ್ಟ್ರೇಲಿಯಾ ತಂಡದಿಂದ ಕರೆ ಬಂದಿದ್ದು ಅದೇ ಕ್ಲಬ್‌ನ ಎರಡನೇ ತಂಡದಲ್ಲಿದ್ದ ಫಿಲ್ ಕರ್ನ್ಸ್‌ಗೆ. ದೇಶದ ಜರ್ಸಿ ಜೋನ್ಸ್‌ಗೆ ಸಿಗಲೇ ಇಲ್ಲ. ಮೇಷ್ಟ್ರಾಗಿದ್ರು, ಪ್ರಿನ್ಸಿಪಾಲೂ ಆದ್ರು. ಆಮೇಲೆ ಕೋಚ್.

2001ರಲ್ಲಿ ಆಸ್ಟ್ರೇಲಿಯಾದ ಕೋಚ್ ಹುದ್ದೆಯೇ ಸಿಕ್ತು! 2003ರ ವಿಶ್ವಕಪ್ ಫೈನಲ್, ಸಿಡ್ನಿಯಲ್ಲೇ. ಹೆಚ್ಚುವರಿ ಸಮಯದಲ್ಲಿ ಇಂಗ್ಲೆಂಡ್ ಎದುರು 20–17ರ ಸೋಲು. 2005ರಲ್ಲಿ ಸಾಲು ಸಾಲು ಸೋತಾಗ ಮನೆಗೆ ಕಳಿಸಿದ್ರು. 2007ರಲ್ಲಿ ವಿಶ್ವಕಪ್ ಗೆದ್ದ ತಂಡಕ್ಕೆ ಸಲಹೆಗಾರರಾಗಿದ್ರು. ಯಾವ ತಂಡ ಗೊತ್ತಾ? ದಕ್ಷಿಣ ಆಫ್ರಿಕಾ!

2012ರಲ್ಲಿ ಜಪಾನ್‌ಗೆ ಬಂದ್ರು. ಆಗಿನ ಜಪಾನ್ ಹೇಗಿತ್ತು ಅಂದ್ರೆ, ವಿಶ್ವಕಪ್‌ಗಳಲ್ಲಿ ಗೆದ್ದಿದ್ದು ಒಂದೇ ಮ್ಯಾಚ್, 1991ರಲ್ಲಿ ಜಿಂಬಾಬ್ವೆ ಮೇಲೆ. 1995ರಲ್ಲಂತೂ ನ್ಯೂಜಿಲೆಂಡ್ ಎದುರು 145–17. ಹೌದು, ಸರಿಯಾಗೇ ಓದಿದ್ರಿ.

ಆ ವರ್ಷ ಒಂದು ಮ್ಯಾಚ್ ಸೋತ ಮೇಲೆ ಪತ್ರಕರ್ತರ ಮುಂದೆ ಕ್ಯಾಪ್ಟನ್ ಹಿರೋಸೆ ನಕ್ಕುಬಿಟ್ರು. ಪಕ್ಕದಲ್ಲೇ ಕೂತಿದ್ದ ಜೋನ್ಸ್ ಅಲ್ಲೇ ಸಿಟ್ಟಾಗಿ ಬೈದ್ರು. ಬೆಳಿಗ್ಗೆ 5ಕ್ಕೇ ಪ್ರಾಕ್ಟೀಸ್, ದಿನಕ್ಕೆ ಹಲವು ಸಲ. ಆದ್ರೆ ಅವರಿಗೆ ಬೇಕಿದ್ದಿದ್ದು ಹೇಳಿದ್ದನ್ನಷ್ಟೇ ಮಾಡೋ ಹುಡುಗರಲ್ಲ. ಮೈದಾನದಲ್ಲಿ ತಾವೇ ತೀರ್ಮಾನ ತಗೊಳ್ಳೋರು.

ಈಗ ಮತ್ತೆ ಬ್ರೈಟನ್‌ಗೆ ಬನ್ನಿ.

ಆಗಿನ ಕ್ಯಾಪ್ಟನ್ ಮೈಕಲ್ ಲೀಚ್. ನ್ಯೂಜಿಲೆಂಡಲ್ಲಿ ಹುಟ್ಟಿ, 15ನೇ ವಯಸ್ಸಿಗೆ ಓದೋಕೆ ಜಪಾನ್‌ಗೆ ಬಂದವರು. ಅವರು ಕೋಚ್ ಮಾತು ಕೇಳಲಿಲ್ಲ. ಡ್ರಾ ಬೇಡ, ಸ್ಕ್ರಮ್ ಬೇಕು ಅಂದ್ರು. ಚೆಂಡು ಕೈಯಿಂದ ಕೈಗೆ ದಾಟಿ 84ನೇ ನಿಮಿಷಕ್ಕೆ ಎಡ ಮೂಲೆ ಸೇರಿತು. ಕಾರ್ನ್ ಹೆಸ್ಕೆತ್ ಟ್ರೈ, 5 ಪಾಯಿಂಟ್. ಜಪಾನ್ 34–32! 🔥

ಆಮೇಲೆ ಜೋನ್ಸ್ ಇಂಗ್ಲೆಂಡನ್ನ 2019ರ ಫೈನಲ್‌ವರೆಗೂ ಒಯ್ದರು. 2023ರಲ್ಲಿ ಆಸ್ಟ್ರೇಲಿಯಾಕ್ಕೆ ವಾಪಸ್ ಹೋದಾಗ ತಂಡ ಮೊದಲ ಬಾರಿಗೆ ಗುಂಪು ಹಂತದಲ್ಲೇ ಹೊರಬಿತ್ತು. 2024ರಿಂದ ಮತ್ತೆ ಜಪಾನ್. ಏಳುಬೀಳು ತುಂಬಾನೇ ಇದೆ. ಆದ್ರೂ ಅವರ ಹೆಸರು ಬಂದ್ರೆ ಜನಕ್ಕೆ ಮೊದಲು ನೆನಪಾಗೋದು ಬ್ರೈಟನ್, ಅವರ ಮಾತನ್ನ ಹುಡುಗರು ಮೀರಿದ ಆ ಸಂಜೆ. ನಾಲ್ಕು ವರ್ಷ ಅವರು ಕಲಿಸಿದ್ದೂ ಅದನ್ನೇ ಅಲ್ವಾ?

ಲೀಚ್ ಜಾಗದಲ್ಲಿ ನೀವಿದ್ದಿದ್ರೆ? ಡ್ರಾನಾ, ಸ್ಕ್ರಮ್ಮಾ? ನಿಜ ಹೇಳಿ, ಕಾಮೆಂಟ್ ಮಾಡಿ. 🏉

#ಆಟದಇತಿಹಾಸ #ರಗ್ಬಿ #ಕನ್ನಡದಲ್ಲಿಓದಿ